‘ಕಂಟ್ರೋಲ್‌ನಲ್ಲಿದೆ’ ಅಂದರೆ ಎಷ್ಟರಮಟ್ಟಿಗೆ?

ಲೂಪಸ್ ಇರುವವರಿಗೆ ಎರಡು ಮಾತುಗಳು ಬಾಯಿಪಾಠವಾಗಿರುತ್ತವೆ. ಒಂದು ಊರಿನದು. ಧಾರವಾಡಕ್ಕೆ ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುತ್ತಾಳೆ: ‘ಇನ್ನೆಷ್ಟ ದಿನಾ ಗುಳಿಗಿ ನುಂಗತೀಯವಾ? ಪೂರ್ತಿ ಆರಾಮ ಯಾವಾಗ ಆಗ್ತದ?’ ಇನ್ನೊಂದು ಆಸ್ಪತ್ರೆಯದು. ವೈದ್ಯರು ರಿಪೋರ್ಟ್ ಮೇಲೆ ಕಣ್ಣಾಡಿಸಿ, ‘ಕಂಟ್ರೋಲ್‌ನಲ್ಲಿದೆ, ಇದನ್ನೇ ಮುಂದುವರಿಸಿ’ ಎನ್ನುತ್ತಾರೆ. ಅವ್ವ ಕೇಳುವ ‘ಪೂರ್ತಿ ಆರಾಮ’ ಈ ಕಾಯಿಲೆಗೆ ಸದ್ಯಕ್ಕಿಲ್ಲ. ವೈದ್ಯರು ಹೇಳುವ ‘ಕಂಟ್ರೋಲ್’ ಇದೆ, ಆದರೆ ಅದು ಎಷ್ಟು, ಯಾವ ಔಷಧಿಯ ಎಷ್ಟು ಡೋಸಿನ ಮೇಲೆ, ಎಷ್ಟು ಕಾಲಕ್ಕೆ ಎಂಬುದನ್ನು ಹೆಚ್ಚಿನ ರೋಗಿಗಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ನಮ್ಮ ಕೆಲಸದಲ್ಲಿ ‘ಸರ್ವರ್ ಸುಮಾರಾಗಿ ನಡೀತಿದೆ’ ಎಂದು ಯಾರಾದರೂ ಹೇಳಿದರೆ ಮ್ಯಾನೇಜರ್ ಅಷ್ಟಕ್ಕೇ ಬಿಡುವುದಿಲ್ಲ. ನಮ್ಮ ಮೈ ವಿಷಯದಲ್ಲಿ ಮಾತ್ರ ನಾವು ಅಷ್ಟಕ್ಕೇ ಎದ್ದು ಬರುತ್ತೇವೆ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ಇಲ್ಲಿಗೆ ಬಂದ ಮೂರನೇ ವರ್ಷ, 2019ರಲ್ಲಿ, ನನಗೆ ಲೂಪಸ್ ಪತ್ತೆಯಾಯಿತು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಬ್ಬರಿಗೆ ಚರ್ಮ, ಒಬ್ಬರಿಗೆ ಕೀಲು, ಮತ್ತೊಬ್ಬರಿಗೆ ರಕ್ತ, ಹೃದಯದ ಪೊರೆ, ಮಿದುಳು. ನನಗೆ ಕೀಲು ಮತ್ತು ಮೂತ್ರಪಿಂಡ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅದೂ ಹೆಚ್ಚಾಗಿ 15ರಿಂದ 45 ವರ್ಷದೊಳಗೆ ಬರುತ್ತದೆ. ಓದು, ನೌಕರಿ, ಮದುವೆ, ಬಸಿರು ಎಲ್ಲ ಇರುವ ವಯಸ್ಸಿನಲ್ಲೇ. ಹಾಗಾಗಿ ಚಿಕಿತ್ಸೆಯ ಗುರಿ ಯಾವುದು ಎಂಬ ಪ್ರಶ್ನೆ ಲ್ಯಾಬ್ ರಿಪೋರ್ಟಿನೊಳಗೆ ಮುಗಿಯುವುದಿಲ್ಲ.

ಗುರಿ ಎಂಬ ಮಾತೇ ಈ ಕಾಯಿಲೆಗೆ ಹೊಸದು. ಕಳೆದ ಶತಮಾನದ ಮಧ್ಯಭಾಗದಲ್ಲಿ ಲೂಪಸ್ ಪತ್ತೆಯಾದವರಲ್ಲಿ ಐದು ವರ್ಷ ಬದುಕಿ ಉಳಿಯುತ್ತಿದ್ದವರು ಸರಿಸುಮಾರು ಅರ್ಧದಷ್ಟು ಜನ. ಆಗ ಬದುಕಿಸುವುದೇ ಗುರಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ 1948ರಲ್ಲಿ ಕೀಲುವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು, 1950ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದರು. ಆ ಸ್ಟೀರಾಯ್ಡ್ ಲೂಪಸ್‌ನವರ ಪ್ರಾಣವನ್ನೂ ಉಳಿಸಿತು. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಐದು ವರ್ಷದ ಲೆಕ್ಕ ಶೇ 90 ದಾಟಿದೆ. ಬದುಕುವುದು ಇಷ್ಟರಮಟ್ಟಿಗೆ ಖಾತ್ರಿಯಾದ ಮೇಲೆ, ಹೇಗೆ ಬದುಕುವುದು ಎಂಬ ಪ್ರಶ್ನೆ ಬಂತು.

ಅದಕ್ಕೆ ಬರಹದಲ್ಲಿ ಉತ್ತರ ಬಂದದ್ದು 2014ರಲ್ಲಿ. ಹಲವು ದೇಶಗಳ ತಜ್ಞರು ಸೇರಿ ‘ಗುರಿಯಿಟ್ಟು ಚಿಕಿತ್ಸೆ’ ಎಂಬ ಶಿಫಾರಸುಗಳನ್ನು ಪ್ರಕಟಿಸಿದರು. ಬಿಪಿ, ಸಕ್ಕರೆ ಕಾಯಿಲೆಗಳಲ್ಲಿ ಇಷ್ಟಕ್ಕೆ ಇಳಿಸಬೇಕು ಎಂಬ ಅಂಕಿ ಇರುತ್ತದಲ್ಲ, ಹಾಗೆ. ರೋಗ ಶಮನ, ಅಂದರೆ ರೆಮಿಶನ್, ಮೊದಲ ಗುರಿ. ಅದು ಆಗದಿದ್ದರೆ ರೋಗದ ಚಟುವಟಿಕೆ ಆದಷ್ಟೂ ಕಡಿಮೆ. ಅಂಗಗಳಿಗೆ ಹೊಸ ಹಾನಿ ಆಗದಂತೆ ತಡೆಯಬೇಕು. ಸ್ಟೀರಾಯ್ಡ್ ಸಾಧ್ಯವಾದಷ್ಟು ಕಡಿಮೆ ಇರಬೇಕು. ದಣಿವು, ನೋವು, ಖಿನ್ನತೆಯನ್ನೂ ಗಮನಿಸಬೇಕು. ಇದೆಲ್ಲವೂ ರೋಗಿ ಮತ್ತು ವೈದ್ಯರು ಕೂಡಿ ತೀರ್ಮಾನಿಸುವ ಮಾತಾಗಿರಬೇಕು. ಓದಿದರೆ ಇದರಲ್ಲಿ ಹೊಸದೇನಿದೆ ಅನ್ನಿಸುತ್ತದೆ. ನಮ್ಮ ಒಪಿಡಿಗಳ ಹತ್ತು ನಿಮಿಷದಲ್ಲಿ ಇದರ ಎಷ್ಟು ಭಾಗ ನಡೆಯುತ್ತದೆ ಎಂದು ಕೇಳಿಕೊಂಡಾಗ ಹೊಸತನ ಗೊತ್ತಾಗುತ್ತದೆ.

ಆಮೇಲೆ ಅಂಕಿಗಳೂ ಬಂದವು. 2016ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಲೂಪಸ್ ತಜ್ಞರ ಬಳಗ ‘ಕಡಿಮೆ ಚಟುವಟಿಕೆಯ ಸ್ಥಿತಿ’ಗೆ ವ್ಯಾಖ್ಯೆ ಕೊಟ್ಟಿತು. ಸ್ಲೀಡೈ ಎಂಬ ಅಂಕಪಟ್ಟಿಯಲ್ಲಿ 4 ಅಥವಾ ಅದಕ್ಕಿಂತ ಕಡಿಮೆ, ಮೂತ್ರಪಿಂಡ, ಮಿದುಳಿನಂಥ ಮುಖ್ಯ ಅಂಗಗಳಲ್ಲಿ ರೋಗ ಚುರುಕಾಗಿರಬಾರದು, ಹೊಸ ಲಕ್ಷಣ ಇರಬಾರದು, ಪ್ರೆಡ್ನಿಸೋಲೋನ್ ದಿನಕ್ಕೆ 7.5 ಮಿ.ಗ್ರಾಂ ಮೀರಬಾರದು. 2021ರಲ್ಲಿ ಡೋರಿಸ್ ಎಂಬ ತಜ್ಞರ ಗುಂಪು ರೆಮಿಶನ್‌ಗೆ ಗೆರೆ ಎಳೆಯಿತು: ರೋಗದ ಲಕ್ಷಣಗಳ ಅಂಕ ಸೊನ್ನೆ, ವೈದ್ಯರ ಒಟ್ಟಾರೆ ಅಂದಾಜೂ ತೀರ ಕಡಿಮೆ, ಪ್ರೆಡ್ನಿಸೋಲೋನ್ 5 ಮಿ.ಗ್ರಾಂ ಅಥವಾ ಕಡಿಮೆ. ರಕ್ತದಲ್ಲಿ ಡಿಎನ್‌ಎ ವಿರುದ್ಧದ ಪ್ರತಿಕಾಯಗಳು ಹೆಚ್ಚಿದ್ದರೂ ಪರವಾಗಿಲ್ಲ. ಬೇರೆ ಗುಳಿಗೆಗಳು ನಡೆದಿದ್ದರೂ ಅದು ರೆಮಿಶನ್ನೇ.

ಈ ಕೊನೆಯ ಮಾತನ್ನು ನಾನು ಅವ್ವನಿಗೆ ಮೂರು ಸಲವಾದರೂ ಹೇಳಿದ್ದೇನೆ. ಗುಳಿಗೆ ಬಿಟ್ಟ ದಿನವೇ ಗುಣವಾದ ದಿನ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಲೂಪಸ್‌ನಲ್ಲಿ ಅದು ಅಪಾಯಕಾರಿ ನಂಬಿಕೆ. ಮೈ ಹಗುರಾಯಿತೆಂದು ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿ, ಕಾಲು ಬಾತು, ಉಸಿರು ಕಟ್ಟಿ ತುರ್ತು ವಿಭಾಗಕ್ಕೆ ಬಂದವರನ್ನು ನಾನು ಬಲ್ಲೆ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಅದನ್ನು ಥಟ್ಟನೆ ಬಿಟ್ಟರೆ ಕಾಯಿಲೆ ಕೆರಳುವ ಮಾತು ಹಾಗಿರಲಿ, ಮೂತ್ರಪಿಂಡದ ಮೇಲಿನ ಗ್ರಂಥಿ ತನ್ನ ಪಾಲಿನ ಹಾರ್ಮೋನು ತಯಾರಿಸುವುದನ್ನೇ ಮರೆತಿರುತ್ತದೆ, ಪ್ರಾಣಕ್ಕೇ ಕುತ್ತಾಗಬಹುದು.

ಏಷ್ಯಾ-ಪೆಸಿಫಿಕ್ ಬಳಗದ ಅಧ್ಯಯನದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ ಇನ್ನೊಂದಿದೆ. ಗಮನಿಸಿದ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಈ ಕಡಿಮೆ ಚಟುವಟಿಕೆಯ ಸ್ಥಿತಿಯಲ್ಲಿದ್ದವರಿಗೆ ಅಂಗಗಳ ಹಾನಿ ಗಣನೀಯವಾಗಿ ಕಡಿಮೆಯಾಗಿತ್ತು. ಅರ್ಧ ಕಾಲ! ಒಂದು ತಿಂಗಳು ಕಾಯಿಲೆ ಕೆರಳಿತೆಂದರೆ ಎಲ್ಲ ಮುಗಿಯಿತು ಎಂದು ಕುಸಿಯಬೇಕಿಲ್ಲ. ನೂರಕ್ಕೆ ನೂರು ಅಪ್‌ಟೈಮ್ ಕೊಡುತ್ತೇವೆ ಎಂದು ಯಾವ ಕಂಪನಿಯೂ ಕರಾರು ಬರೆದುಕೊಡುವುದಿಲ್ಲ. ನಾನಂತೂ ನನ್ನ ಮೈಗೆ ಅಂಥ ಕರಾರು ಹಾಕುವುದಿಲ್ಲ.

ಎರಡೂ ವ್ಯಾಖ್ಯೆಗಳಲ್ಲಿ ಸ್ಟೀರಾಯ್ಡಿನ ಡೋಸು ಗುರಿಯ ಒಳಗೇ ಇದೆ ಎಂಬುದನ್ನು ಗಮನಿಸಿ. ದಿನಕ್ಕೆ 20 ಮಿ.ಗ್ರಾಂ ನುಂಗಿಸಿ ರೋಗವನ್ನು ತೆಪ್ಪಗಿರಿಸಿದರೆ ಅದನ್ನು ಗುರಿ ಮುಟ್ಟಿದ್ದು ಎನ್ನುವುದಿಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2023ರಲ್ಲಿ ಪರಿಷ್ಕರಿಸಿದ ಶಿಫಾರಸು ಇನ್ನೂ ಬಿಗಿ: ದೀರ್ಘಕಾಲಕ್ಕೆ 5 ಮಿ.ಗ್ರಾಂ ಅಥವಾ ಕಡಿಮೆ, ಸಾಧ್ಯವಾದರೆ ಪೂರ್ತಿ ಬಿಡಿಸುವುದು. ಲೂಪಸ್‌ನಿಂದಾದ ಹಾನಿಯನ್ನು ಎಣಿಸುವ ಪಟ್ಟಿಯಲ್ಲಿ ಕಣ್ಣಿನ ಪೊರೆ, ಮೂಳೆ ಮುರಿತ, ಸೊಂಟದ ಕೀಲಿನ ಮೂಳೆ ಸಾಯುವುದು, ಮಧುಮೇಹ ಇವೆಲ್ಲ ಇವೆ. ಇವುಗಳಲ್ಲಿ ಎಷ್ಟೋ ಪಾಲು ಔಷಧಿಯದೇ ಕಾಣಿಕೆ. ನಮ್ಮ ದೇಶದಲ್ಲಿ ಇದರ ಜತೆ ಕ್ಷಯ ಮತ್ತಿತರ ಸೋಂಕುಗಳ ಭಯ ಬೇರೆ.

ಆದರೆ ಪ್ರೆಡ್ನಿಸೋಲೋನ್ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎರಡು ದಿನದಲ್ಲಿ ಗುಣ ಕಾಣಿಸುತ್ತದೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಡೋಸು ನುಂಗುವವರು ಎಷ್ಟೋ ಮಂದಿ. ಮುಖ ದುಂಡಗಾದರೆ ‘ಪುಣೆ ನೀರು ಹಿಡಿಸೇತಿ’ ಎನ್ನುವ ಬಂಧುಗಳೂ ಇದ್ದಾರೆ. ಅವರನ್ನು ತಿದ್ದಲು ನಾನು ಹೋಗಿಲ್ಲ.

ಮೂತ್ರಪಿಂಡಕ್ಕೆ ಇನ್ನೂ ಸ್ಪಷ್ಟವಾದ ಮೈಲಿಗಲ್ಲುಗಳಿವೆ. ಮೂತ್ರದಲ್ಲಿ ಸೋರುವ ಪ್ರೋಟೀನ್ ಚಿಕಿತ್ಸೆ ಶುರುವಾದ 3 ತಿಂಗಳಿಗೆ ಕಾಲು ಭಾಗವಾದರೂ, 6 ತಿಂಗಳಿಗೆ ಅರ್ಧದಷ್ಟಾದರೂ ಇಳಿಯಬೇಕು. ಒಂದು ವರ್ಷದ ಹೊತ್ತಿಗೆ ದಿನಕ್ಕೆ 0.5ರಿಂದ 0.7 ಗ್ರಾಂಗಿಂತ ಕೆಳಗೆ ಬರಬೇಕು. ಮೊದಲಲ್ಲೇ ತೀರಾ ಹೆಚ್ಚು ಸೋರುತ್ತಿದ್ದವರಿಗೆ ಇನ್ನಷ್ಟು ತಿಂಗಳು ಹಿಡಿಯಬಹುದು. ಈ ಅಂಕಿಗಳು ಗೊತ್ತಾದ ಮೇಲೆ ನನ್ನ ಚಿಂತೆಯ ಸ್ವರೂಪವೇ ಬದಲಾಯಿತು. ಮೊದಲು ಪ್ರತಿ ರಿಪೋರ್ಟೂ ತೀರ್ಪಿನಂತೆ ಕಾಣುತ್ತಿತ್ತು. ಆಮೇಲೆ ಅದು ದಾರಿಯಲ್ಲಿ ಎಲ್ಲಿದ್ದೇವೆ ಎಂದು ಹೇಳುವ ಕಲ್ಲಾಯಿತು.

ಇಷ್ಟು ಹೇಳಿ ಗುರಿಯ ಪಾಠ ಮುಗಿಸಬಹುದಿತ್ತು, ಸುಸ್ತು ಎಂಬುದೊಂದು ಇಲ್ಲದಿದ್ದರೆ. ಸ್ಲೀಡೈ ಅಂಕಪಟ್ಟಿಯಲ್ಲಿ ಕೂದಲು ಉದುರುವುದಕ್ಕೆ 2 ಅಂಕ, ಕೀಲುಬಾವಿಗೆ 4, ಫಿಟ್ಸ್‌ಗೆ 8. ಸುಸ್ತಿಗೆ ಜಾಗವೇ ಇಲ್ಲ. ಲೂಪಸ್ ಇರುವ ಯಾರನ್ನಾದರೂ ಕೇಳಿ, ದಿನವನ್ನು ತಿಂದುಹಾಕುವುದು ಯಾವುದೆಂದು. ಸ್ನಾನ ಮಾಡಿ ಬಂದು ಮತ್ತೆ ಮಲಗಬೇಕಾಗುವ ಸುಸ್ತು ಅದು. ಮಧ್ಯಾಹ್ನದ ಮೀಟಿಂಗ್‌ನಲ್ಲಿ ಗೊತ್ತಿರುವ ಪದ ನಾಲಿಗೆಗೆ ಬಾರದೆ ನಿಲ್ಲುವ ಸುಸ್ತು. ರಿಪೋರ್ಟ್ ಪೂರ್ತಿ ಚೆನ್ನಾಗಿರುವ ತಿಂಗಳಲ್ಲೂ ಇದು ಇರಬಹುದು. ವೈದ್ಯರ ಗುರಿ ಮುಟ್ಟಿರುತ್ತದೆ, ನಮ್ಮದು ಮುಟ್ಟಿರುವುದಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಜ್ಞರು ಇದಕ್ಕೆ ಉಪಯುಕ್ತವಾದ ಒಂದು ವಿಂಗಡಣೆ ಮಾಡಿದ್ದಾರೆ. ಉರಿಯೂತದಿಂದ ಬರುವ ಕೀಲುಬಾವು, ಚರ್ಮದ ಕಲೆ, ಮೂತ್ರಪಿಂಡದ ತೊಂದರೆ ಮೊದಲನೆಯ ಬಗೆ. ದಣಿವು, ಮೈತುಂಬ ನೋವು, ನಿದ್ದೆಗೇಡು, ಮಂಕು ಎರಡನೆಯ ಬಗೆ. ಮೊದಲನೆಯದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗೆ ಮಣಿಯುತ್ತದೆ. ಎರಡನೆಯದು ಅದಕ್ಕೆ ಅಷ್ಟಾಗಿ ಮಣಿಯುವುದಿಲ್ಲ. ನಿಯಮಿತ ನಡಿಗೆ, ವ್ಯಾಯಾಮ, ನಿದ್ದೆಯ ಚಿಕಿತ್ಸೆ, ಖಿನ್ನತೆಯಿದ್ದರೆ ಅದರ ಚಿಕಿತ್ಸೆ ಬೇಕು. ರಕ್ತಹೀನತೆ, ಥೈರಾಯ್ಡ್ ಇವೆಯೇ ಎಂದೂ ನೋಡಬೇಕು. ಈ ವಿಂಗಡಣೆ ಗೊತ್ತಿಲ್ಲದೆ ಹೋದರೆ ಎರಡು ರೀತಿಯ ಅನಾಹುತ: ಸುಸ್ತೆಂದು ಸ್ಟೀರಾಯ್ಡ್ ಏರಿಸುವುದು, ಇಲ್ಲವೇ ‘ರಿಪೋರ್ಟ್ ನಾರ್ಮಲ್ ಇದೆಯಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಕಳಿಸುವುದು.

ಇಲ್ಲಿ ಹೊರನಾಡಿನ ನಮ್ಮದೇ ಒಂದು ತೊಡಕಿದೆ. ಕಲಬುರಗಿ ಕಡೆಯವರು ದೊಡ್ಡ ಕಾಯಿಲೆಗೆ ಸೊಲ್ಲಾಪುರ, ಹೈದರಾಬಾದಿಗೆ ಹೋಗುತ್ತಾರೆ. ಬೆಳಗಾವಿ, ಚಿಕ್ಕೋಡಿ ಕಡೆಯವರು ಮಿರಜಿಗೆ, ಪುಣೆಗೆ ಬರುತ್ತಾರೆ. ಸಂಧಿವಾತ ತಜ್ಞರು ದೊಡ್ಡ ಊರುಗಳಲ್ಲೇ ಹೆಚ್ಚು. ಹಾಗೆ ಬಂದವರು ಉಳಿಯುವುದು ನಮ್ಮ ಮನೆಗಳಲ್ಲಿ, ಅವರ ಜತೆ ಒಪಿಡಿಯಲ್ಲಿ ಕೂರುವ ದುಭಾಷಿಗಳೂ ನಾವೇ. ‘ಭಾಳ ಸುಸ್ತ ಆಗತದ್ರಿ’ ಎಂದು ಊರಿನ ತಂಗಿ ಹೇಳಿದ್ದನ್ನು ನಾವು ಹಿಂದಿಯಲ್ಲಿ ‘ಕಮ್‌ಜೋರಿ’, ಇಂಗ್ಲಿಷಿನಲ್ಲಿ ‘ವೀಕ್‌ನೆಸ್’ ಎಂದು ಹೇಳಿಬಿಡುತ್ತೇವೆ. ವೈದ್ಯರ ಕಿವಿಗೆ ವೀಕ್‌ನೆಸ್ ಎಂದರೆ ಸ್ನಾಯುವಿನಲ್ಲಿ ಬಲವಿಲ್ಲದ್ದು. ಅವರು ಕೈ ಎತ್ತಿಸಿ, ಕಾಲು ಒತ್ತಿಸಿ ನೋಡುತ್ತಾರೆ, ಬಲ ಸರಿಯಿದೆ ಎಂದು ಒಂದು ವಿಟಮಿನ್ ಬರೆದು ಕಳಿಸುತ್ತಾರೆ. ಬದಲಿಗೆ ‘ಮೊದಲು ನಾಲ್ಕು ರೊಟ್ಟಿ ಬಡಿಯುತ್ತಿದ್ದಳು, ಈಗ ಎರಡು ಬಡಿದು ಕೂಡುತ್ತಾಳೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ. ಗುರಿಯನ್ನೂ ಅದರಲ್ಲೇ ಬರೆಯಬಹುದು: ಮೂರು ತಿಂಗಳಲ್ಲಿ ಮತ್ತೆ ನಾಲ್ಕು ರೊಟ್ಟಿ.

ಇನ್ನು ಮದುವೆ, ಮಕ್ಕಳು. ಲೂಪಸ್ ಇದ್ದರೆ ಮಕ್ಕಳಾಗುವುದಿಲ್ಲ ಎಂಬ ಮಾತು ಊರಲ್ಲಿ ಇವತ್ತಿಗೂ ಓಡಾಡುತ್ತದೆ. ಅದು ಸುಳ್ಳು. ಹೆಚ್ಚಿನವರು ಆರೋಗ್ಯವಂತ ಮಗುವನ್ನು ಹೆರಬಲ್ಲರು, ಆದರೆ ಯೋಜನೆ ಬೇಕು. ಬಸಿರಾಗುವ ಮುನ್ನ ಕನಿಷ್ಠ 6 ತಿಂಗಳು ರೋಗ ತಣ್ಣಗಿರಬೇಕು. ಮೂತ್ರಪಿಂಡಕ್ಕೆ ಕೊಡುವ ಮೈಕೋಫಿನೋಲೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ. ಅದನ್ನು ಕನಿಷ್ಠ 6 ವಾರ ಮೊದಲೇ ನಿಲ್ಲಿಸಿ ಅಜಾಥಯೊಪ್ರಿನ್‌ನಂಥ ಸುರಕ್ಷಿತ ಔಷಧಿಗೆ ಬದಲಿಸಬೇಕು, ಆಮೇಲೂ ರೋಗ ಸುಮ್ಮನಿದೆಯೇ ಎಂದು ಕಾದು ನೋಡಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಬಸಿರಿನಲ್ಲೂ ಬಿಡಬಾರದು. ರಕ್ತದಲ್ಲಿ ‘ರೋ’ ಎಂಬ ಪ್ರತಿಕಾಯ ಇದ್ದರೆ ಮಗುವಿನ ಹೃದಯ ಬಡಿತದ ಮೇಲೆ ನಿಗಾ ಇಡಬೇಕಾಗುತ್ತದೆ. ಅಂದರೆ ‘ನನಗೆ ಎರಡು ವರ್ಷದಲ್ಲಿ ಮಗು ಬೇಕು’ ಎಂಬುದು ಇವತ್ತಿನ ಚೀಟಿಯಲ್ಲಿ ಯಾವ ಔಷಧಿ ಬರೆಯಬೇಕೆಂಬುದನ್ನೇ ಬದಲಿಸುತ್ತದೆ.

ಹೀಗಿರುವಾಗ ಈ ಮಾತು ವೈದ್ಯರ ಕೋಣೆಯಲ್ಲಿ ಬರುವುದೇ ಕಡಿಮೆ. ಮದುವೆಯಾಗದ ಹುಡುಗಿಯನ್ನು ವೈದ್ಯರು ಕೇಳಲು ಮುಜುಗರಪಡುತ್ತಾರೆ, ಅವಳು ಪಕ್ಕದಲ್ಲಿ ಅಪ್ಪ ಕೂತಿದ್ದಾನೆಂದು ಹೇಳುವುದಿಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ಗುಳಿಗೆಯ ಡಬ್ಬಿಯನ್ನೂ ಮುಚ್ಚಿಡಬೇಕಾಗುತ್ತದೆ. ಕೊನೆಗೆ ಗುಳಿಗೆಯೇ ನಿಂತುಹೋಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮದುವೆಗೆ ಮೊದಲೇ ಹೇಳಿದ್ದೆವು. ಸಂಬಂಧ ಎರಡು ತಪ್ಪಿದವು. ಮೂರನೆಯದರಲ್ಲಿ ನನ್ನ ಗಂಡ ಸಿಕ್ಕ. ಒಪಿಡಿಗೆ ಬಂದಾಗ ನನಗಿಂತ ಹೆಚ್ಚು ಪ್ರಶ್ನೆ ಅವನೇ ಕೇಳುತ್ತಾನೆ.

ಹೈಡ್ರಾಕ್ಸಿಕ್ಲೋರೋಕ್ವಿನ್ ಹೆಸರು ಹೇಳಿದೊಡನೆ ಎಲ್ಲರಿಗೂ 2020ರ ಮಾರ್ಚ್ ನೆನಪಾಗುತ್ತದೆ. ಕೊರೊನಾಗೆ ಇದೇ ಮದ್ದೆಂಬ ಸುದ್ದಿ ಹಬ್ಬಿ ಅಂಗಡಿಗಳು ಖಾಲಿಯಾದವು. ಇದನ್ನು ಜಗತ್ತಿಗೇ ತಯಾರಿಸಿ ಕೊಡುವ ದೇಶದಲ್ಲಿ, ದಿನವೂ ನುಂಗಲೇಬೇಕಾದವರು ಅಂಗಡಿಯಿಂದ ಅಂಗಡಿಗೆ ಅಲೆದರು. ಸರ್ಕಾರ ಅದನ್ನು ಎಚ್1 ಪಟ್ಟಿಗೆ ಸೇರಿಸಿದ್ದು ಆಗಲೇ. ಲೂಪಸ್ ಇರುವ ಬಹುತೇಕ ಎಲ್ಲರಿಗೂ ಇದು ಬುನಾದಿಯ ಔಷಧಿ; ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ ಲೆಕ್ಕ, 60 ಕೆ.ಜಿ. ಇದ್ದರೆ ದಿನಕ್ಕೆ 300. ಬಹುಕಾಲ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಕ್ಕೆ ತೊಂದರೆ ಆಗುವ ಸಾಧ್ಯತೆ ಇರುವುದರಿಂದ 5 ವರ್ಷದ ನಂತರ ಪ್ರತಿವರ್ಷ ಕಣ್ಣಿನ ತಪಾಸಣೆ ಬೇಕು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇನ್ನೂ ಮೊದಲೇ.

ನೌಕರಿಗಾಗಿ ಊರೂರು ತಿರುಗುವ ನಮ್ಮಂಥವರಿಗೆ ಬರೆದಿಟ್ಟ ಗುರಿ ಇಲ್ಲದೆ ನಡೆಯುವುದೇ ಇಲ್ಲ. ಪುಣೆಯಿಂದ ಚೆನ್ನೈಗೆ, ಅಲ್ಲಿಂದ ಗುರುಗ್ರಾಮಕ್ಕೆ ವರ್ಗವಾದಾಗಲೆಲ್ಲ ಹೊಸ ವೈದ್ಯರು. ಚೀಟಿಯಲ್ಲಿ ‘ಪ್ರೆಡ್ನಿಸೋಲೋನ್ 10’ ಎಂದಿರುತ್ತದೆ. ಅದು 40ರಿಂದ ಇಳಿಯುತ್ತಾ ಬಂದ 10 ಆಗಿರಬಹುದು, 5ರಿಂದ ಏರಿದ 10 ಆಗಿರಬಹುದು. ಅಂಕಿಗೆ ದಿಕ್ಕಿಲ್ಲ. ಹೊಸಬರು ಪಾಪ, ಇದ್ದದ್ದನ್ನೇ ಮುಂದುವರಿಸುತ್ತಾರೆ. ಮೊಬೈಲಿನಲ್ಲಿ ಇನ್ನೂರು ರಿಪೋರ್ಟ್‌ಗಳ ಫೋಟೊ ಇರುತ್ತವೆ. ಎಲ್ಲಿಗೆ ಹೊರಟಿದ್ದೆವು ಎಂಬ ಒಂದು ಸಾಲು ಯಾವುದರಲ್ಲೂ ಇರುವುದಿಲ್ಲ. ರಜೆಗೆ ಊರಿಗೆ ಹೋದಾಗ ಯಾರೋ ಕೊಡುವ ಪುಡಿ, ಕಷಾಯಗಳ ಕತೆ ಬೇರೆ.

ಕಂಪನಿಯ ವಿಮೆಯೂ ನಮ್ಮ ಗುರಿಗೆ ಹೊಂದುವುದಿಲ್ಲ. ಆಸ್ಪತ್ರೆಗೆ ಸೇರಿದರೆ ಲಕ್ಷಗಟ್ಟಲೆ ಕೊಡುವ ಪಾಲಿಸಿಗಳಲ್ಲಿ ಹೆಚ್ಚಿನವು ಒಪಿಡಿ ಖರ್ಚು, ರಕ್ತಪರೀಕ್ಷೆ, ತಿಂಗಳ ಔಷಧಿಗೆ ಕೊಡುವುದಿಲ್ಲ. ಸೇರದಂತೆ ನೋಡಿಕೊಳ್ಳುವ ಚಿಕಿತ್ಸೆ ಪೂರ್ತಿ ನಮ್ಮ ಜೇಬಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಲೂಪಸ್ ಇಲ್ಲ, ಹಾಗಾಗಿ ಕೆಲಸದ ವೇಳೆ ಹೊಂದಿಸಿಕೊಡಿ ಎಂದು ಕೇಳುವುದು ಮ್ಯಾನೇಜರ್‌ನ ಒಳ್ಳೆಯತನದ ಮೇಲೆ ನಿಂತಿದೆ. ಪ್ರತಿವರ್ಷ ಮೇ 10ರ ವಿಶ್ವ ಲೂಪಸ್ ದಿನಕ್ಕೆ ನೇರಳೆ ರಿಬ್ಬನ್ ಕಟ್ಟಿ ಫೋಟೊ ಹಾಕುವ ಕಂಪನಿಗಳು ಅದರ ಬದಲು ಒಪಿಡಿ ವಿಮೆ ಸೇರಿಸಿದರೆ ಹೆಚ್ಚು ಉಪಕಾರವಾದೀತು. ಆಸ್ಪತ್ರೆಗಳಂತೂ ಒಪಿಡಿ ಚೀಟಿಯ ಮೇಲ್ಭಾಗದಲ್ಲಿ ಬಿಪಿ, ತೂಕದ ಪಕ್ಕ ‘ಗುರಿ’ ಎಂದು ಒಂದು ಖಾನೆ ಅಚ್ಚು ಹಾಕಿಸಿದರೆ ಸಾಕು, ಅದಕ್ಕೆ ಹೆಚ್ಚಿಗೆ ಹಣ ಬೇಡ.

ನನ್ನದು ಒಂದೇ ಹಾಳೆ. ಫೈಲಿನ ಮೊದಲ ಪುಟದಲ್ಲಿ ಇದೆ. ವೈದ್ಯರೂ ನಾನೂ ಕೂತು ಬರೆದದ್ದು, ಆರು ತಿಂಗಳಿಗೊಮ್ಮೆ ತಿದ್ದುತ್ತೇವೆ. ಮೂತ್ರದ ಪ್ರೋಟೀನ್ 0.5ರ ಕೆಳಗೆ. ಪ್ರೆಡ್ನಿಸೋಲೋನ್ 5, ಆಮೇಲೆ ಇನ್ನೂ ಕೆಳಗೆ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಬೆರಳು ಮಡಚಲು ಬರಬೇಕು, ಕೀಬೋರ್ಡ್ ನನ್ನ ಹೊಟ್ಟೆಪಾಡು. ಸಂಜೆ ಅರ್ಧ ಗಂಟೆ ನಡಿಗೆ, ವಾರಕ್ಕೆ ನಾಲ್ಕು ದಿನ. ಅಜಾಥಯೊಪ್ರಿನ್‌ಗೆ ಬದಲಾದ ತಾರೀಖು, ಅದರ ಮುಂದೆ ಆರು ತಿಂಗಳ ಲೆಕ್ಕ. ಮೇಲಿನ ಎರಡು ಅಂಕಿಗಳನ್ನು ಬರೆದವರು ವೈದ್ಯರು, ಕೆಳಗಿನದೆಲ್ಲ ನನ್ನ ಕೈಬರಹ.

ಮುಂದಿನ ಭೇಟಿ ಆಗಸ್ಟಿನಲ್ಲಿ. ಪ್ರೆಡ್ನಿಸೋಲೋನ್ 5ರಿಂದ 2.5ಕ್ಕೆ ಇಳಿಸೋಣವೇ ಎಂದು ಕೇಳಬೇಕಿದೆ. ಈ ಸಲ ಬೇಡ, ಮಗುವಿನ ಯೋಚನೆ ಇರುವಾಗ ಕೆದಕುವುದು ಬೇಡ ಎಂದು ಅವರು ಹೇಳಿದರೂ ಹೇಳಬಹುದು. ಆಗ 5ರ ಮುಂದೆ ‘ಹೆರಿಗೆಯವರೆಗೆ’ ಎಂದು ಬರೆದುಕೊಳ್ಳುತ್ತೇನೆ.